ಧಾರವಾಡಕ್ಕೆ ಹೋಗುವ ಮಾತು

ಧಾರವಾಡಕ್ಕೆ ಹೋಗಿ ಎದುರಿಗೇ ಕೂತು ಸಂಗೀತ ಕೇಳಬೇಕು, ಅಲ್ಲಿಯ ಪೇಡ ತಿನ್ನಬೇಕು ಎಂದು ಅಕ್ಕ ಪ್ರತಿ ವರ್ಷ ಹೇಳುತ್ತಿದ್ದಳು. ನಾವಿಬ್ಬರೂ ಮೂಡಿಗೆರೆಯ ಕಡೆ ಒಂದು ಎಸ್ಟೇಟಿನಲ್ಲಿ ಕೆಲಸ ಮಾಡುವವರು. ನಮ್ಮ ಹಾಜರಿ, ರಜೆ ನೋಡಿಕೊಳ್ಳುವವರು ಅಲ್ಲಿಯ ರೈಟರು. ಅವಳು ಸಂಗೀತ ಕೇಳಿದ್ದೆಲ್ಲ ರೇಡಿಯೋದಲ್ಲೇ. ಧಾರವಾಡದಲ್ಲಿ ದೊಡ್ಡ ಸಂಗೀತ ಕಛೇರಿ ನಡೆಯುವ ಹೊತ್ತಿಗೆ ಇಲ್ಲಿ ಕಾಫಿ ಕೊಯ್ಲು. ‘ರೈಟರು ರಜೆ ಕೊಡಲ್ಲ’ ಎಂದು ನಾನು ಪ್ರತಿ ಸಲ ಹೇಳುತ್ತಿದ್ದೆ. ನಿಜವೆಂದರೆ ನಾನು ರಜೆ ಕೇಳಿಯೇ ಇರಲಿಲ್ಲ. ಪ್ರೈಮರಿಯಲ್ಲೇ ಶಾಲೆ ಬಿಟ್ಟವನು. ಸಂಗೀತ ಬಲ್ಲವರ ನಡುವೆ ಕೂರಲು ನಾಚಿಕೆ.

ಈ ಮಳೆಗಾಲದಲ್ಲಿ ಅಕ್ಕನಿಗೆ ಎಡಗಿವಿ ಪೂರ್ತಿ ಕೇಳದಾಯಿತು. ಬಲಗಿವಿಯೂ ಮಂದವಾಗುತ್ತಿದೆ ಎಂದರು ಡಾಕ್ಟರು. ಅಂದು ಸಂಜೆ ಅವಳಿಗೆ ರಜೆ ಕೇಳದೇ ಇದ್ದದ್ದು, ನನ್ನ ನಾಚಿಕೆ, ಎಲ್ಲ ಹೇಳಿಬಿಟ್ಟೆ.

ಅವಳು ಸ್ವಲ್ಪ ಹೊತ್ತು ಒಲೆಯ ಸೌದೆ ಸರಿಮಾಡಿದಳು. ಆಮೇಲೆ ಅಂದಳು: “ಇಷ್ಟು ವರ್ಷ ಆ ರೈಟ್ರನ್ನ ಸುಮ್ನೆ ಬೈದ್ನಲ್ಲೋ! ತಲೆ ತೂಗಕ್ಕೆ ಗೊತ್ತಾಗ್ಲಿಲ್ಲ ಅಂದ್ರೆ ನನ್ನ ನೋಡ್ಕಂಡು ತೂಗು ಮಾರಾಯ.”

ಮರುದಿನ ಕೊಯ್ಲಿನ ಹೊತ್ತಿಗೆ ನಮ್ಮಿಬ್ಬರಿಗೂ ರಜೆ ಕೇಳಿದೆ. ರೈಟರು ಒಂದೇ ಮಾತಿಗೆ ಒಪ್ಪಿದರು. ಅವರು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಬಸ್ಸಿಗೆ ಈಗಲೇ ಸೀಟು ಕಾದಿರಿಸಿದ್ದೇನೆ. ಹೋಗುವ ದಿನದವರೆಗೆ ಅವಳ ಬಲಗಿವಿ ಉಳಿದರೆ ಸಾಕು.