ವಾರಕ್ಕೊಂದು ಕುಂಡ

ಬೋನ್ಸಾಯ್ ಮರಕ್ಕೆ ಕುಂಡ ಆರಿಸುವುದು ಹೇಗೆಂದು ಯಾರಾದರೂ ಕೇಳಿದರೆ ಗಂಭೀರ ಮುಖ ಮಾಡಿಕೊಂಡು ನಿಯಮಗಳನ್ನೆಲ್ಲ ಒಪ್ಪಿಸಿಬಿಡುತ್ತೇನೆ. ಆ ನಿಯಮಗಳನ್ನು ಒಂದು ಕಾಲದಲ್ಲಿ ಎಂಥ ಕಿತಾಪತಿಗೆ ಬಳಸಿದ್ದೆ ಎಂಬುದನ್ನು ಮಾತ್ರ ಹೇಳುವುದಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನಾವು ವಿಶಾಖಪಟ್ಟಣದಲ್ಲಿದ್ದೆವು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ನನ್ನ ಗಂಡನನ್ನು ವಿಜಯವಾಡಕ್ಕೆ ಹಾಕಿದರು. ಒಂದೇ ವರ್ಷದ ಮಾತು, ಮನೆ ಎತ್ತುವುದೇಕೆ ಎಂದು ನಾನು ಅಲ್ಲೇ ಉಳಿದೆ. ಮೊದಮೊದಲು ಪ್ರತಿ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ರೈಲು ಹತ್ತಿ ಬರುತ್ತಿದ್ದರು. ಆಮೇಲೆ ಎರಡು ವಾರಕ್ಕೊಮ್ಮೆ ಆಯಿತು, ಆಮೇಲೆ ಮೂರು ವಾರಕ್ಕೊಮ್ಮೆ. ಅಲ್ಲಿ ಭಾನುವಾರದ ಇಸ್ಪೀಟಿನ ರುಚಿ ಹತ್ತಿತ್ತು. "ಪ್ರತಿ ವಾರ ಬನ್ನಿ" ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ನನಗೆ ಜಂಬ. ಹೇಳಿಸಿಕೊಂಡು ಬರುವ ಗಂಡ ಯಾರಿಗೆ ಬೇಕು?

ಮೇಲಿನ ಮನೆಯಲ್ಲಿ ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿಯಿದ್ದರು, ಮಂಡ್ಯದ ಕಡೆಯವರು. ನಾನು ಒಬ್ಬಳೇ ಮಂಕಾಗಿ ಕೂತಿರುವುದನ್ನು ನೋಡಲಾರದೆ, ತಾವೇ ಬೆಳೆಸಿದ್ದ ಆಲದ ಬೋನ್ಸಾಯ್ ಒಂದನ್ನು ತಂದುಕೊಟ್ಟರು. ಅದು ಹಳೇ ಪ್ಲಾಸ್ಟಿಕ್ ಬೇಸಿನ್ನಿನಲ್ಲಿತ್ತು.

"ಒಳ್ಳೇ ಕುಂಡ ನೋಡಿ ಹಾಕ್ಬಿಡಿ. ಕುಂಡದ ಉದ್ದ ಮರದ ಎತ್ತರದಲ್ಲಿ ಮೂರನೇ ಎರಡು ಪಾಲು ಇರ್ಬೇಕು, ಆಳ ಬುಡದ ದಪ್ಪದಷ್ಟು. ತಳದಲ್ಲಿ ತೂತಿರ್ಬೇಕು. ಬಣ್ಣ ಜಾಸ್ತಿ ಬೇಡ ಕಣ್ರೀ, ಕಣ್ಣಿಗೆ ಮೊದ್ಲು ಮರ ಬೀಳ್ಬೇಕು" ಎಂದರು.

ಕುಂಡಗಳು ವಿಶಾಖಪಟ್ಟಣದಲ್ಲೇ ಸಿಗುತ್ತಿದ್ದವು. ಬಂದರಿನ ಕಡೆ ಹೋಗುವ ರಸ್ತೆಯಲ್ಲೇ ಎರಡು ಅಂಗಡಿಗಳಿದ್ದವು. ನಾನು ಮಾತ್ರ ವಿಜಯವಾಡಕ್ಕೆ ಕಾಗದ ಬರೆದೆ: ಇಲ್ಲಿ ಒಂದೂ ಚೆನ್ನಾಗಿಲ್ಲ, ಅಲ್ಲಿಂದ ಒಂದು ಕುಂಡ ತನ್ನಿ.

ಆ ಶನಿವಾರವೇ ಬಂದರು! ಆದರೆ ಅವರು ತಂದದ್ದು ಉಪ್ಪಿನಕಾಯಿ ಜಾಡಿ. ಮರವನ್ನು ಅದರೊಳಗಿಟ್ಟರೆ ಎಲೆಯ ತುದಿಯಷ್ಟೇ ಕಾಣುತ್ತಿತ್ತು. ನಾನು ನಕ್ಕೂ ನಕ್ಕೂ ಸುಸ್ತಾದೆ. ಅವರಿಗೆ ಅವಮಾನವಾಯಿತು. ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಮರ ಅಳೆದು, ಹದಿನೆಂಟು ಇಂಚು ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟರು. ಮುಂದಿನ ಶನಿವಾರ ಕೃಷ್ಣೆಯ ದಡದ ನರ್ಸರಿಯಿಂದ ಹನ್ನೆರಡು ಇಂಚಿನ ಕುಂಡ ಬಂತು. ಮಣ್ಣಿನ ಬಣ್ಣ, ಬೇಕಾದಷ್ಟೇ ಆಳ, ತಳದಲ್ಲಿ ತೂತು. ಹೆಸರಿಡುವಂತಿರಲಿಲ್ಲ.

ಆದರೆ ಗುರುವಾರವೇ ನಾನು ಕತ್ತರಿ ಹಿಡಿದು ಮರದ ತುದಿಯನ್ನು ಮೂರು ಇಂಚು ಕತ್ತರಿಸಿಬಿಟ್ಟಿದ್ದೆ.

"ಕುಂಡ ಉದ್ದ ಆಯ್ತು ರೀ" ಎಂದೆ.

"ಅಲ್ಲ ಕಣೇ, ನಾನೇ ಅಳೆದಿದ್ನಲ್ಲ!"

"ತುದಿ ಒಣಗಿತ್ತು, ಕತ್ತರಿಸಿ ಅಂದ್ರು ಮೇಲಿನ ಮನೆಯವರು." ಪಾಪ, ಅವರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ನನ್ನ ಗಂಡ ಮರವನ್ನೂ ನನ್ನನ್ನೂ ಒಮ್ಮೆ ನೋಡಿ, ಪರವಾಗಿಲ್ಲ ಎನ್ನಲು ಆಂಧ್ರದಲ್ಲಿ ಕಲಿತ "ಪರವಾಲೇದು" ಎಂಬ ಮಾತನ್ನಾಡಿ, ಕುಂಡವನ್ನು ಬ್ಯಾಗಿಗೆ ತುಂಬಿಕೊಂಡು ಹೋದರು. ಮುಂದಿನ ವಾರ ಹತ್ತು ಇಂಚಿನದು ಬಂತು. ಅಷ್ಟರಲ್ಲಿ ಮರ ಹನ್ನೆರಡು ಇಂಚಿಗೆ ಇಳಿದಿತ್ತು. ಎಂಟು ಇಂಚಿನದು ಬರುವ ಹೊತ್ತಿಗೆ ಒಂಬತ್ತಕ್ಕೆ. ಇಸ್ಪೀಟಿನ ಸುದ್ದಿಯೇ ನಿಂತುಹೋಯಿತು. ಭಾನುವಾರ ಮಧ್ಯಾಹ್ನ ಅವರು ನನ್ನ ಕೈಯ ಹುಳಿ ಉಂಡು ಗೊರಕೆ ಹೊಡೆಯುವಾಗ, ನಾನು ವರಾಂಡದಲ್ಲಿ ಕೂತು ಎಲೆಗಳ ಮೇಲೆ ಕೂತ ಬಂದರಿನ ಅದಿರಿನ ದೂಳು ಒರೆಸುತ್ತ, ಮುಂದೆ ಎಲ್ಲಿ ಕತ್ತರಿಸಲಿ ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ದಿನ ಮೇಲಿನ ಮನೆಯವರು ಇಳಿದು ಬಂದವರೇ ಗಾಬರಿಯಾದರು. "ಏನ್ರೀ ಇದು, ವಾರ ವಾರಕ್ಕೂ ಕುಳ್ಳಗಾಗ್ತಿದೆ? ಇನ್ನೊಂದ್ಸಲ ಕತ್ತರಿ ಹಾಕಿದ್ರೆ ಇದು ಬದುಕಲ್ಲ, ಹೇಳ್ಬಿಟ್ಟಿದೀನಿ."

ಆ ಶುಕ್ರವಾರ ಕತ್ತರಿ ಹಿಡಿದು ಮರದ ಮುಂದೆ ತುಂಬಾ ಹೊತ್ತು ಕೂತೆ. ಅಷ್ಟರಲ್ಲಿ ನನಗೆ ಆ ಮರದ ಮೇಲೂ ಪ್ರೀತಿ ಹುಟ್ಟಿತ್ತು. ಕತ್ತರಿಸಿದರೆ ಅದು ಸಾಯಬಹುದು, ಬಿಟ್ಟರೆ ನಾಳೆ ಬರುವ ಆರು ಇಂಚಿನ ಕುಂಡ ಸರಿಯಾಗಿ ಕೂತುಬಿಡುತ್ತದೆ. ಕೂತರೆ ಮತ್ತೆ ಮೂರು ವಾರಕ್ಕೊಮ್ಮೆ ಬರುವ ಗಂಡ. ಕಣ್ಣು ಮುಚ್ಚಿ ಕತ್ತರಿಸಿದೆ. ಒಂದು ಮೋಟು, ನಾಲ್ಕು ಎಲೆ ಉಳಿದವು.

ಶನಿವಾರ ಅವರು ಬರಿಗೈಯಲ್ಲಿ ಬಂದರು. ಕುಂಡದ ಮಾತೇ ಎತ್ತಲಿಲ್ಲ. ಇವರಿಗೆ ಸಾಕಾಗಿಹೋಯಿತು, ಇನ್ನು ಬರುವುದಿಲ್ಲ ಎಂದುಕೊಂಡೆ.

ಬೆಳಿಗ್ಗೆ ಕಾಫಿ ಲೋಟ ಹಿಡಿದು ವರಾಂಡಕ್ಕೆ ಹೋದವರು ಮೋಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಇನ್ನು ಕತ್ತರಿಸೋಕೆ ಏನೂ ಉಳಿಸಿಲ್ವಲ್ಲೇ ನೀನು" ಎಂದರು.

ನನ್ನ ಮುಖ ಕೆಂಪಾಯಿತು. "ನಿಮಗೆ ಯಾವಾಗಿಂದ ಗೊತ್ತು?"

"ಹನ್ನೆರಡು ಇಂಚಿನ ಕುಂಡ ತಂದಾಗಿಂದ."

ಅಂದರೆ ಇಷ್ಟು ವಾರವೂ ಗೊತ್ತಿದ್ದೇ ಕುಂಡ ಹೊತ್ತಿದ್ದರು! ನಾನೇ ಕಿಲಾಡಿ ಎಂದುಕೊಂಡಿದ್ದೆನಲ್ಲ, ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರು ಆ ನಾಲ್ಕು ಎಲೆಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಒರೆಸಿದರು.

"ಪಾಪ, ಇದನ್ನ ಬಿಟ್ಬಿಡು. ಮುಂದಿನ ಶನಿವಾರ ಕುಂಡ ಇಲ್ದೇನೇ ಬರ್ತೀನಿ."