ತಾಕತ್ತಿಲ್ಲದ ಕೆಂಪು ಹೇನು

ಮನೆಯವರೆಲ್ಲ ಅವಳನ್ನು ಹೇನುರಾಣಿ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವರು ಅಕ್ಕನ ಗಂಡ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸವೇ ಬೀನ್ಸ್ ಗಿಡದ ರಸ ಹೀರುವ ಸಸ್ಯಹೇನುಗಳನ್ನು ಸಾಕುವುದು. ಊರೆಲ್ಲ ಕೊಲ್ಲಲು ಹೊರಟಿರುವ ಜೀವಕ್ಕೆ ಬೆಳಗೆದ್ದು ಚಿಗುರೆಲೆ ಬಡಿಸುವ ಪುಣ್ಯಾತ್ಗಿತ್ತಿ ಇವಳೊಬ್ಬಳೇ ಎಂದು ಭಾವ ನಗುತ್ತಿದ್ದರು.

ಅವಳು ಸಾಕಿದ ಹೇನುಗಳಲ್ಲಿ ಹಸಿರು ಮೈಯವೂ ಇದ್ದವು, ಕೆಂಪು ಮೈಯವೂ ಇದ್ದವು. ಜಾತಿ ಮಾತ್ರ ಒಂದೇ. ಎರಡೂ ಗಂಡಿನ ಹಂಗಿಲ್ಲದೆ ಮರಿ ಹಾಕುತ್ತಿದ್ದವು, ಮರಿಗೂ ತಾಯಿಯ ಬಣ್ಣವೇ ಬರುತ್ತಿತ್ತು. ಆದರೆ ಹಸಿರಿನವು ಬೇಗ ಬಲಿತು ರಾಶಿಗಟ್ಟಲೆ ಹೆತ್ತರೆ, ಕೆಂಪಿನವು ಆಮೆಯ ಹಾಗೆ ಬೆಳೆದು ನಾಲ್ಕಾರು ಮರಿ ಹಾಕುವಷ್ಟರಲ್ಲಿ ಸೋತುಹೋಗುತ್ತಿದ್ದವು. ವರ್ಷಗಟ್ಟಲೆ ಭೂತಗನ್ನಡಿ ಹಿಡಿದು ಕೂತು ಅವಳು ಇದನ್ನು ಖಾತ್ರಿ ಮಾಡಿಕೊಂಡಳು. ಅದನ್ನು ಬರೆದು ವಿಜ್ಞಾನಿಗಳ ಸಭೆಯಲ್ಲಿ ಓದಿದಳು. ಜೋರು ಚಪ್ಪಾಳೆ ಬಿತ್ತು.

ಆ ಖುಷಿಯಲ್ಲೇ ಅಕ್ಕನ ಮನೆಗೆ ಊಟಕ್ಕೆ ಹೋದಳು. ಭಾವ ಪ್ಲಾಸ್ಟಿಕ್ ಹೊದಿಸಿದ ಪಾಲಿಹೌಸಿನಲ್ಲಿ ಬೀನ್ಸ್ ಬೆಳೆಯುತ್ತಿದ್ದರು.

"ಈ ಸಲ ಕೆಂಪು ಹೇನು ಕಾಣಿಸ್ಕೊಂಡಿದೆ. ಔಷಧಿ ಹೊಡೀಲಾ?" ಎಂದು ಕೇಳಿದರು.

"ಕೆಂಪಾ? ಬಿಡಿ ಭಾವ, ಅವಕ್ಕೆ ತಾಕತ್ತಿಲ್ಲ. ಹಸಿರು ಬಂದ್ರೆ ಮಾತ್ರ ತಲೆ ಕೆಡಿಸ್ಕೊಳ್ಳಿ."

"ಒಂದ್ಸಲ ಬಂದು ನೋಡಬಾರದೇನೇ?" ಎಂದಳು ಅಕ್ಕ.

"ನೋಡೋಕೇನಿದೆ ಅಕ್ಕ, ದಿನಾ ಅವನ್ನೇ ನೋಡ್ತೀನಲ್ಲ."

ಮನೆಯಲ್ಲೇ ವಿಜ್ಞಾನಿ ಇರುವಾಗ ಭಾವ ಇನ್ನಾರ ಮಾತು ಕೇಳಿಯಾರು? ಅಕ್ಕಪಕ್ಕದವರು ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದರೆ ಇವರು ಕೈಕಟ್ಟಿ ನಿಂತು, ಬಣ್ಣಕ್ಕೂ ಬಸಿರಿಗೂ ಇರುವ ಸಂಬಂಧ ವಿವರಿಸಿದರು. ಅಷ್ಟರಲ್ಲಿ ಬೇಸಿಗೆಯ ಬಿಸಿಲು ಏರಿತು.

ಕೊನೆಗೆ ಅಕ್ಕನೇ ಫೋನ್ ಮಾಡಿದಳು. "ನಿನ್ನ ತಾಕತ್ತಿಲ್ಲದ ಹೇನುಗಳು ಗಿಡಾನೆಲ್ಲ ಮುಗಿಸಿವೆ. ಬಿಡುವಾದ್ರೆ ಬಾ."

ಅವಳು ಬಿದ್ದಂಬೀಳ ಓಡಿದಳು. ಎಲೆಗಳು ಮುರುಟಿದ್ದವು, ಮುಟ್ಟಿದರೆ ಕೈಗೆ ಅಂಟು. ಒಂದೊಂದು ಚಿಗುರೂ ಕುಂಕುಮ ಮೆತ್ತಿದ ಹಾಗೆ ಕೆಂಪಗಿತ್ತು. ಒಳಗೆ ಕಾಲಿಟ್ಟ ಕೂಡಲೇ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಬೆವರಿದರೆ ಎಣಿಕೆ ತಪ್ಪುತ್ತದೆಂದು ತನ್ನ ಹೇನುಗಳ ಕೋಣೆಗೆ ಎಸಿ ಹಾಕಿಸಿಕೊಂಡವಳು ಅವಳೇ.

"ಭಾವ, ನನ್ನ ರೂಮಲ್ಲಿ ಎಸಿ ಇದೆ," ಎಂದಳು ಮೆಲ್ಲಗೆ.

"ಒಳ್ಳೇದಾಯ್ತಲ್ಲ. ಇಲ್ಲಿಲ್ಲ."

"ತಂಪಿಗೆ ಕೆಂಪು ಮಂಕಾಗಿತ್ತೋ ಏನೋ. ಸೆಖೆಯಲ್ಲಿ ನೋಡ್ಲೇ ಇಲ್ಲ ನಾನು."

ಭಾವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅವಳಿಗೆ. ಒಂದು ಮೂಲೆಯ ಗಿಡಗಳನ್ನು ಕೀಳದೆ ಬಿಡಿ, ಎರಡೂ ಬಣ್ಣದವನ್ನು ಇಲ್ಲೇ ಸಾಕಿ ನೋಡುತ್ತೇನೆ ಎಂದು ಬೇಡಿಕೊಂಡಳು.

"ಸಾಕು ಮಾರಾಯ್ತಿ. ಹೇಗೂ ನನ್ನ ಬೆಳೆ ಹೋಯ್ತು, ನಿನ್ನದಾದ್ರೂ ಹುಲುಸಾಗಿ ಬರಲಿ."

ಬಂದಿತು. ಆ ಕಾವಿನಲ್ಲಿ ಕೆಂಪಿನವು ಮೈಕೊಡವಿ ಎದ್ದವು, ಹಸಿರಿನವು ಬಾಡಿದವು. ಬಣ್ಣ ನೋಡಿ ಬಲ ಹೇಳಬಾರದು, ಹವೆಯನ್ನೂ ಕೇಳಬೇಕು ಎಂದು ಅವಳು ಮುಂದಿನ ಸಭೆಯಲ್ಲಿ ಓದಿದಳು. ತನ್ನ ಮಾತು ನಂಬಿ ಒಬ್ಬ ಬೆಳೆಗಾರರು ಬೆಳೆ ಕಳೆದುಕೊಂಡರು ಎಂದೂ ಬರೆದಿದ್ದಳು. ಅದು ಮನೆಯ ವಿಷಯ, ವಿಜ್ಞಾನವಲ್ಲ ಎಂದು ಕೇಂದ್ರದ ನಿರ್ದೇಶಕರು ಮೊದಲೇ ಆ ಸಾಲನ್ನು ತೆಗೆಸಿದ್ದರು. ಹಿಂದಿನದಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು, ಬಡ್ತಿಯೂ ಬಂತು. ತಪ್ಪು ಮಾಡಿದ್ದಕ್ಕೊಮ್ಮೆ, ತಿದ್ದಿದ್ದಕ್ಕೊಮ್ಮೆ ಅವಳು ಮೆರೆದಳು; ಭಾವನ ಪಾಲಿಗೆ ಒಣಗಿದ ಬಳ್ಳಿ ಉಳಿಯಿತು.

ಮುಂದಿನ ಬೆಳೆಗೆ ಭಾವ ಬೀನ್ಸ್ ಬಿಟ್ಟು ಸೌತೆ ಹಾಕಿದರು. ನಾಟಿಯ ದಿನ ಅವಳು ರಜೆ ಹಾಕಿ ಬಂದು, ಸಂಜೆಯವರೆಗೂ ಮಣ್ಣಿನಲ್ಲಿ ಕೂತು ಸಸಿ ನೆಟ್ಟಳು. ಯಾರೂ ಅವಳ ಸಲಹೆ ಕೇಳಲಿಲ್ಲ. ಅವಳೂ ಬಾಯಿ ಬಿಡಲಿಲ್ಲ.