ಪತ್ತೇಮಾರಿ ಪ್ಯಾಂಟು

೧೯೫೩ರ ಮಳೆಗಾಲ. ಹೊಸಂಗಡಿಯಲ್ಲಿ ಒಂದು ಚಹಾದ ಹೋಟೆಲಿಗೂ ಬೆಲ್ಲದ ಅಂಗಡಿಗೂ ನಡುವೆ ನನ್ನ ಹೊಲಿಗೆ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಕಾಲುಮಿಷನ್, ಕತ್ತರಿಸಲು ಒಂದು ಮೇಜು, ಗಿರಾಕಿಗಳಿಗೆ ಒಂದು ಬೆಂಚು. ನನಗೆ ಆಗ ಇಪ್ಪತ್ತರ ಮೇಲೆ ಸ್ವಲ್ಪ. ಎರಡನೇ ಕ್ಲಾಸಿಗೇ ಶಾಲೆ ಮುಗಿದಿತ್ತು. ಅಕ್ಷರ ಕೈಗೆ ಹತ್ತಿದ್ದು ಗಿರಾಕಿಗಳ ಹೆಸರು ಬರೆದು ಬರೆದು. ಆದ್ದರಿಂದ ಈ ಬರವಣಿಗೆಯಲ್ಲಿ ಹೊಲಿಗೆ ಅಲ್ಲಲ್ಲಿ ಡೊಂಕಾದರೆ ಸುಧಾರಿಸಿಕೊಳ್ಳಿ.

ಇದನ್ನು ಈಗ ಬರೆಯಲಿಕ್ಕೆ ಕಾರಣ ನನ್ನ ಮೊಮ್ಮಗಳು ಶ್ವೇತಾ. ಈ ವರ್ಷ ಅವಳು ಯೂನಿವರ್ಸಿಟಿ ಸೇರಿದಳು. ನಮ್ಮ ಮನೆಯಲ್ಲಿ ಅಷ್ಟು ದೂರ ಓದಿದವರು ಬೇರೆ ಯಾರೂ ಇಲ್ಲ. ಮೊದಮೊದಲು ಶನಿವಾರ ಹಾಸ್ಟೆಲಿನಿಂದ ಬಸ್ಸಿಳಿದು ಬರುವಾಗ ಅವಳ ಮುಖ ಇಸ್ತ್ರಿ ಕಾಣದ ಬಟ್ಟೆಯ ಹಾಗೆ ಇರುತ್ತಿತ್ತು. “ಅಲ್ಲಿ ನನ್ನತ್ರ ಯಾರೂ ಮಾತಾಡುದಿಲ್ಲ ಅಜ್ಜ” ಎನ್ನುತ್ತಿದ್ದಳು. ನನಗೆ ಊಟ ಸೇರುತ್ತಿರಲಿಲ್ಲ. ಕಳೆದ ಭಾನುವಾರ ನಡೆದದ್ದನ್ನು ಕೊನೆಗೆ ಹೇಳಬೇಕು ಎಂದುಕೊಂಡಿದ್ದೆ, ಆದರೆ ಸಂತೋಷ ಹೊಟ್ಟೆಯೊಳಗೆ ನಿಲ್ಲುವುದಿಲ್ಲ. ನಾಲ್ಕು ಜನ ಗೆಳತಿಯರನ್ನು ಮನೆಗೆ ಕರೆದುಕೊಂಡು ಬಂದಳು! ನಾಲ್ಕು! ಅವರು ಅಂಗಳದಿಂದ ಅವಳನ್ನು ಕೂಗಿ ಕರೆದ ಹೆಸರು ಕೇಳಿ ನನಗೆ ಸಂಜೀವ ನೆನಪಾದ. ಆ ಹೆಸರನ್ನು ಮಾತ್ರ ಕೊನೆಯವರೆಗೆ ಹಿಡಿದಿಟ್ಟುಕೊಳ್ಳುತ್ತೇನೆ.

ಸಂಜೀವ ಕುಂಜತ್ತೂರಿನ ಐತಪ್ಪಣ್ಣನ ಮಗ. ಹೈಸ್ಕೂಲು ಪಾಸಾಗಿ ಮಂಗಳೂರಿನ ಕಾಲೇಜಿಗೆ ಸೇರಿದ್ದ. ಜೂನ್ ತಿಂಗಳಲ್ಲಿ ಐತಪ್ಪಣ್ಣ ಮಗನನ್ನೂ ಒಂದು ತುಂಡು ಬಿಳಿ ಡ್ರಿಲ್ ಬಟ್ಟೆಯನ್ನೂ ಒಟ್ಟಿಗೆ ತಂದು ಬೆಂಚಿನ ಮೇಲೆ ಕೂರಿಸಿದ.

“ದೂಮಣ್ಣ, ಪ್ಯಾಂಟು ಒಂದು ಹೊಲಿ. ಹುಡುಗ ಬೆಳೆಯುವವ. ಎರಡು ವರ್ಷಕ್ಕೆ ಬರಬೇಕು.”

ಆ ಕಾಲದಲ್ಲಿ ನಮ್ಮಲ್ಲಿ ಮಕ್ಕಳ ಬಟ್ಟೆಯನ್ನು ಇವತ್ತಿನ ಮೈಗೆ ಹೊಲಿಯುವ ಪದ್ಧತಿಯೇ ಇರಲಿಲ್ಲ. ಬರುವ ವರ್ಷದ ಮೈಗೆ ಹೊಲಿಯುವುದು. ಕಾಲಿನ ತುದಿಯಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೆಮ್ಮಿಂಗ್ ಹಾಕುತ್ತಿದ್ದೆವು. ಸೊಂಟದಲ್ಲಿ, ಹಿಂದಿನ ಸೀಟಿನಲ್ಲಿ ಎರಡೆರಡು ಬೆರಳು ಬಿಡುತ್ತಿದ್ದೆವು. ಹೀಗೆ ಬಿಟ್ಟದ್ದಕ್ಕೆ ಮಾರ್ಜಿನ್ ಎಂದು ಹೆಸರು. ಹುಡುಗ ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಮಾರ್ಜಿನ್ ಇಳಿಸುವುದು. ಇನ್ನೊಂದು ತೊಡಕು, ಗಿರಣಿಯ ಡ್ರಿಲ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಬೇಸಗೆಯಾದರೆ ನೆನೆಸಿ ಒಣಗಿಸಿ ಆಮೇಲೆ ಕತ್ತರಿ ಹಾಕುತ್ತೇವೆ. ಜೂನ್‌ನಲ್ಲಿ ಎಲ್ಲಿ ಒಣಗಿಸುವುದು? ಅದಕ್ಕೂ ಸೇರಿಸಿ ಧಾರಾಳ ಬಿಟ್ಟೆ. ಕಿಸೆಯಂತೂ ಮೊಣಕೈವರೆಗೆ ಕೈ ಇಳಿಯುವಷ್ಟು ಆಳ.

ಆ ಡ್ರಿಲ್ ಕುಗ್ಗಲೇ ಇಲ್ಲ.

ಸಂಜೀವ ಹಾಕಿ ನಿಂತಾಗ ಐತಪ್ಪಣ್ಣ ಸುತ್ತ ಒಂದು ಪ್ರದಕ್ಷಿಣೆ ಬಂದು, “ಆಯ್ತು, ಇದರಲ್ಲಿ ಬಿ.ಎ. ಮುಗಿಸಬಹುದು” ಎಂದು ತೃಪ್ತಿಪಟ್ಟ. ಹುಡುಗ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಡೆದು ಹೋದ.

ನೇತ್ರಾವತಿಗೆ ಆಗ ರೈಲಿನ ಸೇತುವೆ ಮಾತ್ರ ಇದ್ದದ್ದು. ಹಾಗಾಗಿ ಈ ಕಡೆಯ ಕಾಲೇಜು ಹುಡುಗರೆಲ್ಲ ಬೆಳಗ್ಗಿನ ಲೋಕಲ್ ರೈಲಿನಲ್ಲೇ ಮಂಗಳೂರಿಗೆ ಹೋಗುತ್ತಿದ್ದರು. ಕಾಸರಗೋಡು, ಕುಂಬಳೆ, ಉಪ್ಪಳದ ಹುಡುಗರು ಹತ್ತಿ, ಸೀಟಿಗೆ ಕರವಸ್ತ್ರ ಹಾಸಿ ಆದ ಮೇಲೆ ನಮ್ಮ ಸ್ಟೇಷನ್ ಮಂಜೇಶ್ವರ. ನಮ್ಮವರಿಗೆ ಬಾಗಿಲ ಬಳಿ ನಿಲ್ಲುವ ಭಾಗ್ಯ. ಸಂಜೀವ ಮೊದಲ ದಿನ ಬಾಗಿಲಲ್ಲಿ ನಿಂತ. ಗಾಳಿ ಪ್ಯಾಂಟಿನೊಳಗೆ ಹೊಕ್ಕಿತು. ಮಂಗಳೂರಿನಿಂದ ಹಂಚು ಹೇರಿಕೊಂಡು ಹೋಗುವ ದೊಡ್ಡ ಹಾಯಿಹಡಗಿಗೆ ನಾವು ಪತ್ತೇಮಾರಿ ಎನ್ನುತ್ತೇವೆ. ಮೊಗ್ರಾಲಿನ ಅಬ್ದುಲ್ಲ ಎಂಬ ಹುಡುಗ, ನಾಲಿಗೆ ಸುಮ್ಮನಿರದವ, “ಓ, ಪತ್ತೇಮಾರಿ ಹೊರಟಿತು! ದಾರಿ ಬಿಡಿ!” ಎಂದು ಕೂಗಿದನಂತೆ. ಇಡೀ ಡಬ್ಬಿ ನಕ್ಕಿತು. ಮಾರನೆಯ ದಿನದಿಂದ ರೈಲು ಮಂಜೇಶ್ವರಕ್ಕೆ ಬರುವ ಮೊದಲೇ ಕಿಟಕಿಗಳಿಂದ ಅದೇ ಕೂಗು.

ಇದೆಲ್ಲ ನನಗೆ ಗೊತ್ತಾದದ್ದು ಸಂಜೀವ ಕಾಲೇಜಿಗೆ ಹೋಗುವುದನ್ನು ಬಿಟ್ಟು ನನ್ನ ಅಂಗಡಿಗೆ ಬರಲಿಕ್ಕೆ ಶುರು ಮಾಡಿದ ಮೇಲೆ. ಮನೆಯಲ್ಲಿ ಪುಸ್ತಕ ಹಿಡಿದು ಹೊರಡುವುದು, ಸ್ಟೇಷನಿಗೆ ತಿರುಗುವ ಬದಲು ನನ್ನಲ್ಲಿಗೆ ಬಂದು ಹೊಲಿದ ಬಟ್ಟೆ ತೂಗುಹಾಕಿದ ಮರೆಯಲ್ಲಿ ಕೂರುವುದು, ಸಂಜೆಯ ರೈಲು ಬಂದ ಮೇಲೆ ಮನೆಗೆ ಹೋಗುವುದು. ಕೂರುವುದು ಎಂದೆನಲ್ಲ, ಒಂದು ಕಡೆ ಕೂತರೆ ತಾನೇ? ಏಳುತ್ತಿದ್ದ, ಬಾಗಿಲಿಗೆ ಹೋಗುತ್ತಿದ್ದ, ಹಿಂದೆ ಬರುತ್ತಿದ್ದ. ರೈಲು ಕೂಗಿದರೆ ಇದ್ದಲ್ಲೇ ನಿಂತುಬಿಡುತ್ತಿದ್ದ. ಕಿಸೆಯಿಂದ ಸಾಂತಾಣಿ ತೆಗೆದು ಕಟಕಟ ಅಗಿಯುತ್ತಿದ್ದ. ಸಾಂತಾಣಿ ಎಂದರೆ ಹಲಸಿನ ಬೀಜವನ್ನು ಉಪ್ಪು ಹಾಕಿ ಬೇಯಿಸಿ ಕಲ್ಲಿನಂತೆ ಒಣಗಿಸಿದ್ದು. ಒಂದನ್ನು ಬಾಯಿಗೆ ಹಾಕಿದರೆ ಅರ್ಧ ಗಂಟೆ ಬಾಳುತ್ತದೆ. ಕಾಲೇಜಿನಲ್ಲಿ ಮಧ್ಯಾಹ್ನ ಯಾರೊಟ್ಟಿಗೂ ಊಟಕ್ಕೆ ಕೂರಲು ಮನಸ್ಸಿಲ್ಲದೆ ಅದನ್ನೇ ಅಗಿದುಕೊಂಡು ಮರದಡಿ ನಿಲ್ಲುತ್ತಿದ್ದನಂತೆ. ಆ ಕಟಕಟ ಶಬ್ದ, ಅವನ ಓಡಾಟ, ಹೊರಗೆ ಮಳೆ. ನನ್ನ ಮಿಷನ್ನಿನ ದಾರ ಸುಮ್ಮಸುಮ್ಮನೆ ತುಂಡಾಗುತ್ತಿತ್ತು.

“ಓದಲಿಕ್ಕೆ ಇಷ್ಟ ಇಲ್ವಾ?” ಎಂದು ಕೇಳಿದೆ.

“ಉಂಟು ದೂಮಣ್ಣ. ಕ್ಲಾಸು ಇಷ್ಟ. ರೈಲು ಬೇಡ.”

ಅದು ನಿಜವೇ. ನನ್ನ ಮಾರ್ಕಿಂಗ್ ಚಾಕಿನಿಂದ ಮೇಜಿನ ಮೇಲೆ ವೃತ್ತ, ತ್ರಿಕೋನ ಎಳೆದು ಏನೇನೋ ಲೆಕ್ಕ ಮಾಡುತ್ತಿದ್ದ, ಆಮೇಲೆ ತೋಳಿನಿಂದ ಒರೆಸಿಬಿಡುತ್ತಿದ್ದ. ಆಗ ಮಾತ್ರ ಅವನ ಕಾಲು ಸುಮ್ಮನಿರುತ್ತಿತ್ತು.

ಇದರ ಮೇಲೆ ಕತ್ತಿಯ ಹಾಗೆ ತೂಗುತ್ತಿದ್ದದ್ದು ಬೊಂಬಾಯಿಯ ಮಾವ. ನಮ್ಮ ತುಳುವರ ಅಳಿಯಕಟ್ಟಿನ ಮನೆಗಳಲ್ಲಿ ತಂದೆಯ ಮಾತಿಗಿಂತ ಸೋದರಮಾವನ ಮಾತು ದೊಡ್ಡದು. ಮಾವ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಕಾಲೇಜು ಬೇಡ ಎಂದೇ ಅವರ ಅಭಿಪ್ರಾಯ. “ಚೌತಿಗೆ ಬರ್ತೇನೆ. ಅಷ್ಟರಲ್ಲಿ ನಿನ್ನ ಕಾಲು ಅಲ್ಲಿ ಊರಿದರೆ ಓದು. ಇಲ್ಲದಿದ್ದರೆ ನನ್ನೊಟ್ಟಿಗೆ ಹೊರಡು, ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸುತ್ತ ಕೂತುಕೋ” ಎಂದು ಹೇಳಿ ಕಳಿಸಿದ್ದರು. ಚೌತಿ ಹತ್ತಿರ ಬರುತ್ತಿತ್ತು. ಹುಡುಗ ಕ್ಲಾಸಿಗೆ ಹೋಗುವುದಿಲ್ಲ ಎಂದು ಗೊತ್ತಾದರೆ ಅವನ ಓದು ಅಲ್ಲಿಗೆ ಮುಗಿಯಿತು.

“ಬಿಚ್ಚಿ ಚಿಕ್ಕದು ಮಾಡಿ ಕೊಡ್ತೇನೆ, ತೆಗೆ” ಎಂದೆ.

ಅವನು ನನ್ನ ಮುಖ ನೋಡಿ, “ಮತ್ತೆ ‘ಹಾಯಿ ಇಳಿಸಿದ’ ಅಂತ ನಗ್ತಾರೆ” ಎಂದ.

ಕತ್ತರಿ ಕೆಳಗಿಟ್ಟೆ. ಇದು ಕತ್ತರಿಗೆ ಸಿಗುವ ಸಂಗತಿ ಅಲ್ಲ ಎಂದು ಅನ್ನಿಸಿತು. ಆ ರಾತ್ರಿ ನನ್ನ ಹೆಂಡತಿ ಸಿಟ್ಟಿನಿಂದ, “ನೀವು ಅಂಗಡಿ ಇಟ್ಟದ್ದಾ, ಮಕ್ಕಳನ್ನು ಅಡಗಿಸುವ ಗೋಡೌನು ಇಟ್ಟದ್ದಾ?” ಎಂದಳು. ಮಾರನೆಯ ಬೆಳಗ್ಗೆ ಅಂಗಡಿಗೆ ಬಾಗಿಲು ಹಾಕಿ, “ನನಗೆ ಮಂಗಳೂರಿನಲ್ಲಿ ಸೂಜಿ, ಗುಂಡಿ ತರಲಿಕ್ಕೆ ಉಂಟು. ಬಾ, ಒಟ್ಟಿಗೆ ಹೋಗುವ” ಎಂದು ಸಂಜೀವನ ರಟ್ಟೆ ಹಿಡಿದು ಸ್ಟೇಷನಿಗೆ ನಡೆದೆ.

ರೈಲು ಬಂತು. “ಪತ್ತೇಮಾರಿ! ಪತ್ತೇಮಾರಿ ಬಂತು!” ಎಂಬ ಕೂಗು ಎಂಜಿನ್ನಿಗಿಂತ ಮೊದಲು ಬಂತು. ಸಂಜೀವನ ರಟ್ಟೆ ನನ್ನ ಕೈಯಲ್ಲಿ ಮರದ ಕೊರಡಿನಂತಾಯಿತು. ಹೇಗೋ ಹತ್ತಿಸಿದೆ.

ಹತ್ತಿದ ಮೇಲೆ ನಾನು ಕಂಡದ್ದು ಬೇರೆಯೇ. ಆ ಡಬ್ಬಿಯಲ್ಲಿ ಸ್ವಂತ ಹೆಸರಿನವರೇ ಇರಲಿಲ್ಲ. ಹುಲ್ಲು ಸುತ್ತಿ ಉಂಡೆ ಕಟ್ಟಿದ ಅಕ್ಕಿಯ ಹಾಗಿದ್ದ ಕುಂಬಳೆಯ ದಪ್ಪ ಹುಡುಗ ‘ಮುಡಿ ಅಕ್ಕಿ’. ಕಾಸರಗೋಡಿನ ಉದ್ದದವ ‘ಸಿಗ್ನಲ್ ಕಂಬ’. ಅಬ್ದುಲ್ಲನನ್ನೇ ಎಲ್ಲರೂ ‘ಒಡೆದ ಗ್ರಾಮಫೋನು’ ಎನ್ನುತ್ತಿದ್ದರು. ಕಿಟಕಿಯ ಮೂಲೆಯಲ್ಲಿ ಒಬ್ಬ ಹುಡುಗ ಕೂತಿದ್ದ. ಮೈಗೆ ಅಂಟಿದಂಥ ಹೊಲಿಗೆ, ನಾನೇ ಎರಡು ಸಲ ನೋಡಿದೆ. ಅವನನ್ನು ಮಾತ್ರ ಯಾರೂ ಏನೂ ಕರೆಯಲಿಲ್ಲ. ದಾರಿಯುದ್ದಕ್ಕೂ ಅವನು ಹೊರಗಿನ ಮಳೆಯನ್ನೇ ನೋಡುತ್ತಿದ್ದ.

ಅಬ್ದುಲ್ಲ ಸಂಜೀವನ ಕಡೆ ಬಾಗಿ, “ಇಷ್ಟು ದಿನ ಯಾವ ಬಂದರಿನಲ್ಲಿ ಲಂಗರು ಹಾಕಿದ್ದೆ ಮಾರಾಯ? ನಾವು ಸ್ಟೇಷನಿನಲ್ಲಿ ಕೂಗಿ ಕೂಗಿ ಗಂಟಲು ಹೋಯಿತು” ಎಂದ. ಎಲ್ಲರೂ ನಕ್ಕರು. ಸಂಜೀವ ಸೊಂಟ ಹಿಡಿದುಕೊಂಡು ಬಾಗಿಲ ಕಡೆಯೇ ನೋಡುತ್ತಿದ್ದ. 

ರೈಲು ಉಳ್ಳಾಲದಲ್ಲಿ ನಿಂತಿತು. ಇನ್ನೇನು ಹೊರಡಬೇಕು, ಸಂಜೀವ ತಟ್ಟನೆ ಬಾಗಿಲಿಗೆ ನುಗ್ಗಿದ. ಅವನು ಆಗ ಇಳಿದುಹೋಗಿದ್ದರೆ ಮತ್ತೆ ಆ ರೈಲು ಹತ್ತುತ್ತಿರಲಿಲ್ಲ, ಅದು ನನಗೆ ಖಂಡಿತ ಗೊತ್ತಿತ್ತು. ಹಿಂದಿನಿಂದ ಕೈ ಹಾಕಿದೆ. ಹಿಡಿಯಲಿಕ್ಕೆ ಬಟ್ಟೆಗೆ ಬರಗಾಲವೇ? ಮುಷ್ಟಿ ತುಂಬ ಸಿಕ್ಕಿತು. ಒಂದು ಹೊಲಿಗೆಯೂ ಜಾರಲಿಲ್ಲ, ಇದನ್ನು ನಾನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ! ಆದರೆ ಎಳೆದ ರಭಸಕ್ಕೆ ಕಿಸೆ ಮಗುಚಿ, ಒಳಗಿದ್ದ ಸಾಂತಾಣಿಯೆಲ್ಲ ಡಬ್ಬಿಯ ತುಂಬ ಚೆಲ್ಲಾಪಿಲ್ಲಿ. ಇನ್ನೊಂದು ಕಿಸೆಯದ್ದೂ ಸುರಿಯಿತು. ಮುಗಿಯುವುದೇ ಇಲ್ಲ, ಸುರಿಯುತ್ತಲೇ ಉಂಟು!

 ರೈಲು ಹೊರಟಿತು.

“ಅಲ್ಲಾ!” ಎಂದ ಅಬ್ದುಲ್ಲ. “ಪತ್ತೇಮಾರಿ ಸರಕು ಇಳಿಸಿತು!”

ಹುಡುಗರೆಲ್ಲ ನೆಲಕ್ಕೆ ಬಿದ್ದರು. ಬೆಳಗ್ಗೆ ಅರ್ಧಂಬರ್ಧ ಗಂಜಿ ಕುಡಿದು ಓಡಿಬಂದವರು. ಹೆಕ್ಕುವುದು, ಉಟ್ಟ ಮುಂಡಿಗೆ ಒರೆಸುವುದು, ಬಾಯಿಗೆ ಹಾಕುವುದು. ನಾನು ಸಂಜೀವನ ಮುಖ ನೋಡಿದೆ. ಅಳುತ್ತಾನೆ ಎಂದುಕೊಂಡೆ. ಅವನು ಮಗುಚಿದ ಕಿಸೆಯನ್ನು ಒಳಗೆ ತಳ್ಳಿದ, ಸೊಂಟ ಮೇಲೆಳೆದ, ಆಮೇಲೆ ಕಸ್ಟಮ್ಸ್ ಆಫೀಸರನ ಹಾಗೆ ಕೈ ಅಡ್ಡ ಚಾಚಿ ಹೇಳಿದ:

“ಏಯ್, ಸುಂಕ ಕೊಡದೆ ಮಾಲು ಮುಟ್ಟಬಾರದು!”

ಆಗ ಎದ್ದ ನಗು ಇದೆಯಲ್ಲ, ಅದು ಅಲ್ಲಿಯವರೆಗಿನ ನಗು ಅಲ್ಲ. ಹೇಗೆ ಹೇಳುವುದು? ಮೊದಲಿನ ನಗು ಅವನ ಸುತ್ತ ಇತ್ತು, ಈ ನಗುವಿನ ಒಳಗೆ ಅವನಿದ್ದ. ಅಬ್ದುಲ್ಲ ಎದ್ದು, ಸೀಟಿನಿಂದ ತನ್ನ ಕರವಸ್ತ್ರ ತೆಗೆದು, “ಇಗೋ ಸುಂಕ. ಕೂತುಕೋ ಮಾರಾಯ” ಎಂದ. ಸಂಜೀವ ಕೂತ. ನೇತ್ರಾವತಿಯ ಸೇತುವೆ ದಾಟುವಾಗ ಒಂದು ಹಿಡಿ ಸಾಂತಾಣಿಯನ್ನು ಕಿಟಕಿಯ ಹುಡುಗನ ಮುಂದೆಯೂ ಹಿಡಿದ. ಅವನು ಮೊದಲು ಕೈಯನ್ನು ನೋಡಿದ, ಆಮೇಲೆ ಮುಖವನ್ನು ನೋಡಿದ, ಆಮೇಲೆ ತೆಗೆದುಕೊಂಡ. ಗುಂಡಿ ತರಲು ಹೋದ ನಾನು ಮಂಗಳೂರಿನಲ್ಲಿ ಗುಂಡಿ ಮರೆತು ಹಿಂದೆ ಬಂದೆ.

ಆದರೂ ನನ್ನ ಜೀವಕ್ಕೆ ಸಮಾಧಾನ ಇರಲಿಲ್ಲ. ಪ್ರತಿ ಬೆಳಗ್ಗೆ ರೈಲು ಕೂಗುವಾಗ ಪೆಡಲಿನಿಂದ ಕಾಲು ತೆಗೆದು ತೂಗುಹಾಕಿದ ಬಟ್ಟೆಗಳ ಮರೆಯನ್ನು ನೋಡುತ್ತಿದ್ದೆ. ಹುಡುಗ ಬರಲಿಲ್ಲ. ಆದರೆ ಚೌತಿ ಬಂತು. ಮಾವನನ್ನು ಎದುರುಗೊಳ್ಳಲು ಐತಪ್ಪಣ್ಣ ಸ್ಟೇಷನಿಗೆ ಹೊರಟ. ನನಗೆ ಅಲ್ಲಿ ಏನೂ ಕೆಲಸ ಇರಲಿಲ್ಲ, ನಾನೂ ಹೊರಟೆ.

ಮಂಗಳೂರಿನಿಂದ ಬರುವ ಸಂಜೆಯ ರೈಲಿನಲ್ಲೇ ಮಾವ ಬಂದರು. ಕರಿ ಕೋಟು, ಕೈಯಲ್ಲಿ ಟ್ರಂಕು. ಅವರು ಒಂದು ಡಬ್ಬಿಯಿಂದ ಇಳಿಯುವುದಕ್ಕೂ ಹಿಂದಿನ ಡಬ್ಬಿಯಿಂದ ಸಂಜೀವ ಹಾರುವುದಕ್ಕೂ ಸರಿಯಾಯಿತು. ಆ ಡಬ್ಬಿಯ ಕಿಟಕಿಗಳಲ್ಲೆಲ್ಲ ತಲೆಗಳು. “ಪತ್ತೇಮಾರೀ! ನಾಡಿದ್ದು ತಪ್ಪಿಸಬೇಡ! ಸರಕು ಜಾಸ್ತಿ ತಾ!” ಅಬ್ದುಲ್ಲನ ಪಕ್ಕದಲ್ಲಿ ಆ ಕಿಟಕಿಯ ಹುಡುಗನೂ ಕೈ ಬೀಸುತ್ತಿದ್ದ.

ಮಾವನ ಮುಖ ಕೆಂಪಾಯಿತು. ಟ್ರಂಕು ಕೆಳಗಿಟ್ಟರು. “ಎಂತದು ಇದು? ನನ್ನ ಅಳಿಯನಿಗೆ ಹೀಗೆಲ್ಲ ಕರೆಯುವುದಾ? ಇದಕ್ಕಾ ನೀನು ಕಾಲೇಜಿಗೆ ಹೋಗುವುದು? ಸಾಕು, ಹೊರಡು ನನ್ನೊಟ್ಟಿಗೆ.”

ಐತಪ್ಪಣ್ಣ ತಲೆ ತಗ್ಗಿಸಿದ.  ಸಂಜೀವ ಮಾತ್ರ ನೆಟ್ಟಗೆ ನಿಂತಿದ್ದ. ಗಾಳಿಗೆ ಪ್ಯಾಂಟು ಪಟಪಟ ಎನ್ನುತ್ತಿತ್ತು.

“ಅದು ನನ್ನ ಹೆಸರು ಮಾವ. ಅಲ್ಲಿ ಹೆಸರಿಲ್ಲದವನಿಗೆ ಸೀಟು ಇಲ್ಲ.”

ಮಾವ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ರೈಲು ಹೊರಟಿತು, ಕೂಗು ದೂರವಾಯಿತು. ಅದು ಪೂರ್ತಿ ನಿಲ್ಲುವವರೆಗೆ ಅವರು ಕಿವಿಗೊಟ್ಟು ಕೇಳಿದರು. ಆಮೇಲೆ ಬೇರೆಯೇ ಸ್ವರದಲ್ಲಿ, “ನನಗೂ ಬೊಂಬಾಯಿಯಲ್ಲಿ ಮೊದಲು ‘ನೀರು ದೋಸೆ’ ಅಂತ ಕರೀತಿದ್ರು” ಎಂದರು. ಪ್ಯಾಂಟಿನ ಬಟ್ಟೆ ಹಿಡಿದು ನೋಡಿ, “ಈ ಪ್ಯಾಂಟು ಹೊಲಿದವ ಯಾರು?”

“ನಾನೇ” ಎಂದೆ.

“ಮಾರಾಯ, ಇದನ್ನು ಸ್ವಲ್ಪ ಚಿಕ್ಕದು ಮಾಡಿಕೊಡು.”

“ಬೇಡ ದೂಮಣ್ಣ!” ಎಂದ ಸಂಜೀವ. “ಸರಕು ಎಲ್ಲಿ ಹಾಕುವುದು?”

ಹಬ್ಬ ಮುಗಿಸಿ ಮಾವ ಬೊಂಬಾಯಿಗೆ ಒಬ್ಬರೇ ಹೋದರು. ಆ ಪ್ಯಾಂಟಿಗೆ ನಾನು ಮತ್ತೆ ಕೈ ಹಾಕಿದ್ದು ಎರಡು ವರ್ಷದ ಮೇಲೆ, ಅವನು ನನ್ನಿಂದ ಎತ್ತರ ಬೆಳೆದ ಕಾಲಕ್ಕೆ. ಕಾಲಿನ ತುದಿಯ ಹೊಲಿಗೆ ಬಿಚ್ಚಿದೆ. ಹೊರಗಿನ ಡ್ರಿಲ್ ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗಿನ ನಾಲ್ಕು ಬೆರಳು ಮೊದಲ ದಿನದ ಬಿಳುಪಿನಲ್ಲೇ ಕಾದು ಕೂತಿತ್ತು. ಅದನ್ನು ತೋರಿಸಿದಾಗ ಅವನು ಬೆರಳಿನಿಂದ ಸವರಿ ಸುಮ್ಮನೆ ನಕ್ಕ. ಪಕ್ಕದಲ್ಲಿ ಅಬ್ದುಲ್ಲ ನನ್ನ ಬೆಂಚಿನಲ್ಲಿ ಕೂತು ಸಾಂತಾಣಿ ಅಗಿಯುತ್ತಿದ್ದ. ಕಟಕಟ. ಆ ದಿನ ದಾರ ತುಂಡಾಗಲಿಲ್ಲ.

ಕಸುಬು ನನಗೆ ಕಲಿಸಿದ್ದು ಇಷ್ಟೇ. ಹೊಸ ಜಾಗಕ್ಕೆ ಹೋಗುವವರನ್ನು ಇವತ್ತಿನ ಅಳತೆಗೆ ಹೊಲಿದು ಕಳಿಸಬಾರದು. ಸ್ವಲ್ಪ ದೊಗಳೆಯಾಗಿ ಕಾಣಲಿ, ನಾಲ್ಕು ಜನ ನಗಲಿ. ಎಲ್ಲಿಯೂ ಮಾರ್ಜಿನ್ ಬಿಡದೆ ಅಚ್ಚುಕಟ್ಟಾಗಿ ಹೊಲಿದ ಮೈಗೆ ಬೇರೆಯವರು ಹಿಡಿಯಲಿಕ್ಕೆ ಏನೂ ಸಿಗುವುದಿಲ್ಲ.

ಇನ್ನು ಕಳೆದ ಭಾನುವಾರ. ಶ್ವೇತಾ ಹಾಸ್ಟೆಲಿಗೆ ಹೋಗುವಾಗ ನಾನು ಅವಳ ಚೀಲಕ್ಕೆ ಸೂಜಿ, ದಾರ, ಗುಂಡಿಯ ಒಂದು ಡಬ್ಬ ಹಾಕಿ ಕೊಟ್ಟಿದ್ದೆ. “ಈಗ ಯಾರು ಅಜ್ಜ ಇದನ್ನೆಲ್ಲ ತಕ್ಕೊಂಡು ಹೋಗ್ತಾರೆ? ನಗ್ತಾರೆ” ಎಂದು ಮುಖ ಊದಿಸಿಕೊಂಡೇ ಹೋಗಿದ್ದಳು. ಭಾನುವಾರ ಅವಳು ಒಳಗೆ ಚಹಾ ಮಾಡುತ್ತಿದ್ದಾಗ ಅಂಗಳದಿಂದ ನಾಲ್ಕು ಸ್ವರ ಒಟ್ಟಿಗೆ ಎದ್ದಿತು: “ದರ್ಜೀ! ಏಯ್ ದರ್ಜೀ, ಹೊರಗೆ ಬಾ ಮಾರಾಯ್ತಿ!”

ಸೊಸೆಗೆ ಕಸಿವಿಸಿ ಆಯಿತು. ನಾನು ಮಾತ್ರ ಜಗಲಿಯಲ್ಲಿ ಇದ್ದಲ್ಲಿಂದಲೇ ಎದ್ದು, “ಓ!” ಎಂದು ಉತ್ತರ ಕೊಟ್ಟುಬಿಟ್ಟೆ. ಒಳಗಿನಿಂದ ಶ್ವೇತಾಳೂ ಅದೇ ಗಳಿಗೆಗೆ “ಓ!” ಎಂದಳು.